ಕೊಡಗಿನ ಮೊಬೈಲಿಗೆ ಆಕಾಶದಲ್ಲೊಂದು ಟವರ್ ಬೇಕೇ?

ಪರ: ಬೆಟ್ಟ ಅಡ್ಡ ಬಂದರೆ ಮೇಲೇರಿ

ನಮ್ಮ ತೋಟದ ಮನೆಯಲ್ಲಿ ಫೋನಿಗೊಂದು ಖಾಯಂ ಜಾಗವಿದೆ, ಅಡುಗೆಮನೆಯ ಪಡುವಣ ಕಿಟಕಿಯ ಎರಡನೇ ಸರಳು. ಪ್ಲಾಸ್ಟಿಕ್ ಕವರಿಗೆ ಹಾಕಿ ಅಲ್ಲಿ ನೇತುಹಾಕಿದರೆ ಒಂದು ಗೆರೆ ಸಿಗ್ನಲ್ ಬರುತ್ತದೆ, ಕಿವಿಗೆ ಹಿಡಿಯಲು ತೆಗೆದರೆ ಹೋಗುತ್ತದೆ. ಹಾಗಾಗಿ ಬಂದ ಕರೆಯೆಲ್ಲ ಸ್ಪೀಕರಿನಲ್ಲೇ, ಸಂಸಾರದ ಗುಟ್ಟೆಲ್ಲ ಒಲೆಯ ಮುಂದೆಯೇ. ಮುಕ್ಕೋಡ್ಲು, ಬಿರುನಾಣಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊಬೈಲಿನ ತರಂಗ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ. ಬೆಟ್ಟ ಅಡ್ಡ ನಿಂತರೆ ಆಚೆ ಕಡೆ ನೆರಳು. ಬಯಲುಸೀಮೆಯಲ್ಲಿ ಒಂದು ಟವರ್ ನಾಲ್ಕಾರು ಊರನ್ನು ಸುಧಾರಿಸಿದರೆ ಇಲ್ಲಿ ಕಣಿವೆಗೊಂದು ಬೇಕು. ಹತ್ತು ಮನೆಗಳ ಕಣಿವೆಗೆ ಟವರ್ ಹಾಕಿದರೆ ಯಾವ ಕಂಪನಿಗೂ ಗಿಟ್ಟುವುದಿಲ್ಲ. ಅದೇ ಉಪಕರಣವನ್ನು ಬಲೂನಿಗೋ ಸೌರವಿಮಾನಕ್ಕೋ ಕಟ್ಟಿ ಮಡಿಕೇರಿಯ ನೆತ್ತಿಯ ಮೇಲೆ 20 ಕಿ.ಮೀ. ಎತ್ತರದಲ್ಲಿ ನಿಲ್ಲಿಸಿ ನೋಡಿ: 4,102 ಚದರ ಕಿ.ಮೀ.ನ ಇಡೀ ಜಿಲ್ಲೆ ಅದರ ಕಣ್ಣಳತೆಗೆ ಬರುತ್ತದೆ. 1,748 ಮೀಟರಿನ ತಡಿಯಂಡಮೋಳ್ ಅಲ್ಲಿಂದ ಒಂದು ದಿಣ್ಣೆ. ಮೋಡವೆಲ್ಲ ಕೆಳಗೇ ಉಳಿಯುವುದರಿಂದ ಅದರ ಸೌರಫಲಕಕ್ಕೆ ಮಳೆ ಬಿಡದೆ ಸುರಿಯುವ ನಮ್ಮ ಕಕ್ಕಡ ತಿಂಗಳಲ್ಲೂ ಬಿಸಿಲು. (ನಾವಂತೂ ಆ ತಿಂಗಳಲ್ಲಿ ಬಿಸಿಲು ಕಂಡವರಲ್ಲ.) ಭೂಸ್ಥಿರ ಉಪಗ್ರಹ 36,000 ಕಿ.ಮೀ. ದೂರದಲ್ಲಿದೆ, ಅದಕ್ಕೆ ಛಾವಣಿಯ ಮೇಲೆ ತಟ್ಟೆ ಬೇಕು. ಇದಕ್ಕೆ ಕೈಯಲ್ಲಿರುವ ಫೋನೇ ಸಾಕು.

ಇದು ಬರೀ ಕನಸಲ್ಲ. 2017ರಲ್ಲಿ ಮರಿಯಾ ಚಂಡಮಾರುತ ಪೋರ್ಟೊರಿಕೊದ ಟವರುಗಳನ್ನು ಮಲಗಿಸಿದಾಗ ಗೂಗಲ್ ಬಳಗದ ಲೂನ್ ಬಲೂನುಗಳು ಲಕ್ಷಕ್ಕೂ ಹೆಚ್ಚು ಜನರಿಗೆ ಸಂಪರ್ಕ ಕೊಟ್ಟವು. ಎಟಿ ಆ್ಯಂಡ್ ಟಿ ಕಂಪನಿ ಅಲ್ಲೇ, ನೆಲದಿಂದ ತಂತಿಯಲ್ಲಿ ವಿದ್ಯುತ್ ಪಡೆಯುವ ಡ್ರೋನನ್ನು ಸುಮಾರು 60 ಮೀಟರ್ ಮೇಲೆ ನಿಲ್ಲಿಸಿ ಟವರಾಗಿಸಿತು. 2022ರಲ್ಲಿ ಏರ್‌ಬಸ್‌ನ ಜೆಫಿರ್ ಎಂಬ ಸೌರವಿಮಾನ 64 ದಿನ ನೆಲ ಮುಟ್ಟದೆ ಹಾರಿತು. ಎರಡು ಕಕ್ಕಡ ಕಳೆಯುವಷ್ಟು ದಿನ!

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ನಾವು ಬಂಧುಗಳನ್ನು ಹುಡುಕಿದ್ದು ಪರಿಹಾರ ಕೇಂದ್ರಗಳ ಬಾಗಿಲಿನಿಂದ ಬಾಗಿಲಿಗೆ ನಡೆದು, ಪಟ್ಟಿಯಲ್ಲಿ ಹೆಸರು ಓದಿ. ಆ ಮೂರು ದಿನಗಳ ಮಟ್ಟಿಗಾದರೂ ಮೇಲೊಂದು ಬಲೂನು ಇದ್ದಿದ್ದರೆ ಅದರ ಖರ್ಚನ್ನು ನಾನು ಕೇಳುತ್ತಿರಲಿಲ್ಲ.

ವಿರೋಧ: 'ನಿಲ್ಲಿಸಿ' ಎಂದರೆ ನಿಲ್ಲುತ್ತದೆಯೇ?

ಕಿಟಕಿಯ ಸರಳು ನಮ್ಮ ಮನೆಯಲ್ಲೂ ಇದೆ, ತಕರಾರಿಲ್ಲ. ತಕರಾರು ಇರುವುದು 'ನಿಲ್ಲಿಸಿ' ಎಂಬ ಒಂದು ಮಾತಿನ ಮೇಲೆ.

ಲೂನ್ ಬಲೂನು ನಿಲ್ಲುತ್ತಿರಲಿಲ್ಲ, ತೇಲುತ್ತಿತ್ತು. ಮೇಲೇರಿ, ಕೆಳಗಿಳಿದು, ಬೇಕಾದ ದಿಕ್ಕಿನ ಗಾಳಿ ಹುಡುಕಿಕೊಳ್ಳುತ್ತಿತ್ತು. ಒಂದು ಸರಿದುಹೋದರೆ ಇನ್ನೊಂದು ಬರಬೇಕು. 2020ರಲ್ಲಿ ಕೀನ್ಯಾದ ಸುಮಾರು 50,000 ಚದರ ಕಿ.ಮೀ.ಗೆ 35ರಷ್ಟು ಬಲೂನುಗಳು ಬೇಕಾದವು. ಮರುವರ್ಷದ ಜನವರಿಯಲ್ಲೇ, ಖರ್ಚು ಇಳಿಯುವ ದಾರಿ ಕಾಣದೆ, ಅಂಗಡಿ ಮುಚ್ಚಿತು. ಫೇಸ್‌ಬುಕ್ ತನ್ನ ಅಕ್ವಿಲಾ ಡ್ರೋನನ್ನು 2018ರಲ್ಲೇ ಕೈಬಿಟ್ಟಿತ್ತು. ಜೆಫಿರ್‌ನ 64 ದಿನಗಳ ಕತೆಯನ್ನು ಪೂರ್ತಿ ಹೇಳಬೇಕಲ್ಲವೇ? ಅದು ಮುಗಿದದ್ದು ಅರಿಜೋನಾದಲ್ಲಿ ನೆಲಕ್ಕೆ ಬಿದ್ದು. ಅದೂ ಮಳೆಯೇ ಅಪರೂಪವಾದ ಸೀಮೆಯಲ್ಲಿ. ನಮ್ಮಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಸುಮಾರು 15 ಕಿ.ಮೀ. ಎತ್ತರದಲ್ಲಿ ಮೂಡಣದಿಂದ ಪಡುವಣಕ್ಕೆ ಗಾಳಿಯದೊಂದು ಹೊಳೆಯೇ ಹರಿಯುತ್ತದೆ. ಏರುವುದಾದರೂ ಇಳಿಯುವುದಾದರೂ ಅದನ್ನು ದಾಟಿಯೇ ಆಗಬೇಕು. ಪೋರ್ಟೊರಿಕೊದ ಡ್ರೋನ್ ಹಾರಿದ್ದು ಬಿರುಗಾಳಿ ಹೋದ ಮೇಲೆ. ನಮ್ಮ ಮಳೆ ಬಂದು ಹೋಗುವ ನೆಂಟನಲ್ಲ, ತಿಂಗಳುಗಟ್ಟಲೆ ಠಿಕಾಣಿ ಹೂಡುವಂಥದ್ದು.

ಇನ್ನು ನೆತ್ತಿಯ ವಿಷಯ. ಮಡಿಕೇರಿಯ ನೆತ್ತಿ ಎಲ್ಲರ ನೆತ್ತಿಯಲ್ಲ. 50 ಕಿ.ಮೀ. ಆಚೆಯ ಮನೆಗೆ ಆ ವಿಮಾನ ಕಾಣುವುದು ಇಳಿಹೊತ್ತಿನ ಸೂರ್ಯನಂತೆ, ನೆಲಕ್ಕೆ 22 ಡಿಗ್ರಿ ಓರೆಯಲ್ಲಿ. ನಾಲ್ಕೂವರೆಗೇ ಬೆಟ್ಟದ ಹಿಂದೆ ಬಿಸಿಲು ಮರೆಯಾಗುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಅಂಥ ಬೆಟ್ಟ ಮಡಿಕೇರಿಯ ದಿಕ್ಕಿಗಿದ್ದರೆ ಸಿಗ್ನಲ್ಲಿಗೂ ಅದೇ ಗತಿ. ಸಿಲ್ವರ್ ಓಕ್ ಮರಗಳು ಹೀರಿಕೊಳ್ಳುವುದು ಬೇರೆ.

ಆಪತ್ತಿನ ಮೂರು ದಿನಕ್ಕೆಂದು ಜಿಲ್ಲಾಡಳಿತ ತಂತಿ ಕಟ್ಟಿದ ಡ್ರೋನೊಂದನ್ನು ಇಟ್ಟುಕೊಳ್ಳಲಿ, ನಾನು ಬೇಡ ಎನ್ನುವುದಿಲ್ಲ. ಗಾಳಿ ತಗ್ಗಿದ ಗಂಟೆಯಲ್ಲಿ ಹಾರಿಸಬಹುದು. ದಿನನಿತ್ಯದ ಫೋನಿಗೆ ಮಾತ್ರ ಅದು ಉತ್ತರವಲ್ಲ. ಸಿಗ್ನಲ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ತಲುಪಿಸಲು ಕೇಂದ್ರ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಹಾಗೆ ಬರುವ ಟವರು ಮಳೆಗಾಲದಲ್ಲೂ ಉಸಿರಾಡುವಂತೆ ಮಾಡುವುದು ಬಲೂನಿಗಿಂತ ಅಗ್ಗ.

ನಮ್ಮೂರಿನ ಟವರನ್ನೇ ನೋಡಿ. ಕಳೆದ ಮಳೆಗಾಲದಲ್ಲಿ ಅದಕ್ಕೆ ಬೆಟ್ಟ ಅಡ್ಡ ಬಂದಿರಲಿಲ್ಲ. ಕರೆಂಟ್ ಹೋಯಿತು, ಹಳೆಯ ಬ್ಯಾಟರಿ ಸಂಜೆಯೊಳಗೆ ಕೈಕೊಟ್ಟಿತು, ರಸ್ತೆಗೆ ಮರ ಬಿದ್ದು ಡೀಸೆಲ್ ತರುವ ಜೀಪು ಆಚೆಯೇ ನಿಂತಿತು. ಊರ ಹುಡುಗರಿಬ್ಬರು ಕ್ಯಾನನ್ನು ಹೆಗಲ ಮೇಲೆ ಹೊತ್ತು, ಜಿಗಣೆ ಕಿತ್ತುಕೊಳ್ಳುತ್ತ ಟವರಿನ ಬುಡಕ್ಕೆ ಬಂದರು. ಜನರೇಟರ್ ಕೋಣೆಗೆ ಬೀಗ ಹಾಕಿತ್ತು. ಬೀಗದ ಕೈ ಗುತ್ತಿಗೆದಾರನ ಹತ್ತಿರ, ಅವನು ಕುಶಾಲನಗರದಲ್ಲಿ. ಫೋನ್ ಮಾಡಿ ಕರೆಸೋಣವೆಂದರೆ ಸಿಗ್ನಲ್ ಇರಲಿಲ್ಲ.