ದೀಪಾವಳಿಗೆ ಸಿಕ್ಕ ಬೈಗುಳ

ದೀಪಾವಳಿಗೆ ಐದು ದಿನ ರಜೆ ಸಿಕ್ಕಿತೆಂದು ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ಸಹೋದ್ಯೋಗಿಗೆ ಫೋನಿನಲ್ಲಿ ಹೇಳಿದೆ. ಆತ ಅಲ್ಲಿಂದಲೇ ‘ಜ್ಯಾಮಿ ಗಿಟ್!’ ಎಂದ. ಫೋನಿಟ್ಟವನೇ ನಿಘಂಟು ತೆರೆದೆ. ಜ್ಯಾಮಿ ಎಂದರೆ ಅದೃಷ್ಟವಂತ; ಜೀವ ತಂಪಾಯಿತು. ಗಿಟ್ ಎಂದರೆ ಕೆಲಸಕ್ಕೆ ಬಾರದ ಅಯೋಗ್ಯ. ಅಷ್ಟಕ್ಕೇ ಮುಚ್ಚಿಡಬೇಕಿತ್ತು, ಕೆಳಗಿನ ಸಾಲನ್ನೂ ಓದಿದೆ. ಅದು ‘ಗೆಟ್’ ಎಂಬ ಹಳೆಯ ಮಾತಿನಿಂದ ಬಂದದ್ದಂತೆ. ಸ್ಕಾಟ್ಲೆಂಡಿನ ಕಡೆ ಹಾದರಕ್ಕೆ ಹುಟ್ಟಿದವನನ್ನು ಹಾಗೆ ಕರೆಯುತ್ತಿದ್ದರಂತೆ. ಹಬ್ಬದ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ನಿಘಂಟು ಬೈಗುಳದ ಪಕ್ಕದಲ್ಲಿ ‘ಆಡುಮಾತು’ ಎಂದೋ ‘ಹೀನಾರ್ಥಕ’ ಎಂದೋ ಸಣ್ಣಕ್ಷರದಲ್ಲಿ ಬರೆದು ಕೈತೊಳೆದುಕೊಳ್ಳುತ್ತದೆ. ಭಾವಮೈದುನನಿಗೆ ಅನ್ನಬಹುದೇ, ಮೇಲಧಿಕಾರಿಗೆ ಅಂದರೆ ನೌಕರಿ ಉಳಿಯುತ್ತದೆಯೇ ಎಂಬುದನ್ನು ಹೇಳುವುದಿಲ್ಲ. ಬ್ರಿಟನ್ನಿನವರು ಇದನ್ನು ತಕ್ಕಡಿಗೇ ಹಾಕಿ ನೋಡಿದ್ದಾರೆ. ಅಲ್ಲಿಯ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2016ರಲ್ಲಿ ಜನರನ್ನು ಕೇಳಿ ಬೈಗುಳಗಳನ್ನು ಸೌಮ್ಯ, ಮಧ್ಯಮ, ಕಟು, ಅತಿ ಕಟು ಎಂದು ವಿಂಗಡಿಸಿತು. ಗಿಟ್ ಬಿದ್ದದ್ದು ಸೌಮ್ಯದ ಬುಟ್ಟಿಗೆ. ಅದೇ ಗಿಟ್ ಅಲ್ಲಿನ ಸಂಸತ್ತಿನಲ್ಲಿ ಮಾತ್ರ ಹೇಡಿ, ಹಂದಿ, ದೇಶದ್ರೋಹಿಗಳ ಜೊತೆ ಸಭಾಧ್ಯಕ್ಷರು ಆಕ್ಷೇಪಿಸಿದ ಪದಗಳ ಪಟ್ಟಿಯಲ್ಲಿದೆ.

ನಗಲು ನಮಗೇನು ಹಕ್ಕು? ನನ್ನ ಅಜ್ಜಿ ಸಾಯುವವರೆಗೂ ನನ್ನನ್ನು ಕರೆದದ್ದು ‘ಮುಂಡೇದೆ’ ಎಂದೇ. ‘ಎಷ್ಟು ಸೊರಗಿದ್ದೀಯೋ ಮುಂಡೇದೆ’ ಎನ್ನುತ್ತ ಇನ್ನೊಂದು ಮಿಳ್ಳೆ ತುಪ್ಪ ಸುರಿಯುತ್ತಿದ್ದಳು. ಪಕ್ಕದಲ್ಲೇ ಕುಳಿತು ಉಣ್ಣುತ್ತಿದ್ದ ನನ್ನ ಅಪ್ಪ ಒಮ್ಮೆಯೂ ತಲೆಯೆತ್ತಲಿಲ್ಲ, ಬದುಕಿರುವಾಗಲೇ ತನ್ನ ಹೆಂಡತಿಯನ್ನು ವಿಧವೆ ಮಾಡುತ್ತಿದ್ದಾಳೆಂದು ಅವರಿಗೆ ಅನ್ನಿಸಲೂ ಇಲ್ಲ. ಅದೇ ಮಾತನ್ನು ಬಸ್ಸಿನಲ್ಲಿ ಕಾಲು ತುಳಿದವನಿಗೆ ಅಂದಿದ್ದರೆ ಮುಂದಿನ ನಿಲ್ದಾಣದಲ್ಲಿ ಇಬ್ಬರನ್ನೂ ಇಳಿಸುತ್ತಿದ್ದರು.

ಇಂಗ್ಲಿಷಿನ ಬೈಗುಳಗಳು ಹಡಗು ಹತ್ತಿ ಬರುವಾಗ ತೂಕ ಬದಲಿಸಿಕೊಂಡದ್ದೂ ಉಂಟು. ಇಂಗ್ಲೆಂಡಿನ ಅಜ್ಜಿ ಬಿಸ್ಕತ್ತು ಕದ್ದ ಮೊಮ್ಮಗನಿಗೆ ನಗುತ್ತ ಹೇಳುವ ‘ರಾಸ್ಕಲ್’ ನಮ್ಮಲ್ಲಿಗೆ ಬಂದು ಕೋರೆಹಲ್ಲು ಬೆಳೆಸಿಕೊಂಡಿತು. ನಮ್ಮ ಹೈಸ್ಕೂಲಿನ ಮೇಷ್ಟರು ‘ಕತ್ತೆ’ ಎಂದರೆ ನಾವು ನಗುತ್ತಿದ್ದೆವು. ‘ರಾಸ್ಕಲ್’ ಎಂದರೆ ಬೆತ್ತ ಹೊರಬೀಳುತ್ತದೆಂದು ಅಂಗೈ ಒರೆಸಿಕೊಳ್ಳುತ್ತಿದ್ದೆವು.

ಆಸ್ಟ್ರೇಲಿಯಾದ ಕಥೆ ಇದಕ್ಕೆ ಪೂರಾ ಉಲ್ಟಾ. ಅಲ್ಲಿ ‘ಬಾಸ್ಟರ್ಡ್’ ಎಂಬುದು ಗೆಳೆಯನ ಹೆಗಲ ಮೇಲೆ ಕೈಹಾಕಿ ಆಡುವ ಮಾತೂ ಹೌದು. 1932-33ರ ಬಾಡಿಲೈನ್ ಕ್ರಿಕೆಟ್ ಸರಣಿಯಲ್ಲಿ ಇಂಗ್ಲೆಂಡಿನ ನಾಯಕ ಜಾರ್ಡಿನ್, ನಿಮ್ಮವನೊಬ್ಬ ನನಗೆ ಹಾಗೆ ಬೈದ ಎಂದು ಆಸ್ಟ್ರೇಲಿಯಾದ ಕೋಣೆಯ ಬಾಗಿಲು ತಟ್ಟಿದನಂತೆ. ಬಾಗಿಲು ತೆರೆದ ಆಸ್ಟ್ರೇಲಿಯಾದ ಆಟಗಾರ ವಿಕ್ ರಿಚರ್ಡ್‌ಸನ್ ಒಳಗೆ ತಿರುಗಿ, ‘ಈ ಬಾಸ್ಟರ್ಡನನ್ನು ಬಾಸ್ಟರ್ಡ್ ಎಂದ ಬಾಸ್ಟರ್ಡ್ ಯಾರಯ್ಯಾ?’ ಎಂದು ಕೇಳಿದನೆಂದು ಕ್ರಿಕೆಟಿನವರು ಇಂದಿಗೂ ಹೇಳಿಕೊಂಡು ನಗುತ್ತಾರೆ. 2008ರ ಜನವರಿಯಲ್ಲಿ ಸಿಡ್ನಿಯಲ್ಲಿ ನಗು ಬರಲಿಲ್ಲ. ಆಸ್ಟ್ರೇಲಿಯಾದ ಬ್ರಾಡ್ ಹಾಗ್ ಇದೇ ಮಾತನ್ನು ನಮ್ಮ ಅನಿಲ್ ಕುಂಬ್ಳೆಗೂ ಧೋನಿಗೂ ಅಂದನೆಂದು ಭಾರತ ತಂಡ ದೂರು ಕೊಟ್ಟಿತು. ನಮ್ಮಲ್ಲಿ ಆ ಪದ ನೇರ ತಾಯಿಗೆ ಹೋಗಿ ತಗಲುತ್ತದೆ. ಪರ್ತ್ ಟೆಸ್ಟಿಗೆ ಮೊದಲೇ ದೂರನ್ನು ಹಿಂತೆಗೆದುಕೊಂಡರು. ಕುಂಬ್ಳೆಯ ದೊಡ್ಡ ಮನಸ್ಸು ಅದು. ನಾನಾಗಿದ್ದರೆ ಇನ್ನೊಂದು ವಾರ ಜಗ್ಗಾಡುತ್ತಿದ್ದೆ.

ರಜೆ ಮುಗಿಸಿ ಬಂದ ದಿನ ಲೀಡ್ಸ್‌ನವನ ಫೋನು ಬಂತು. ತನಗೂ ಕ್ರಿಸ್‌ಮಸ್‌ಗೆ ಎರಡು ವಾರ ರಜೆ ಮಂಜೂರಾಯಿತೆಂದು ಹಿಗ್ಗುತ್ತಿದ್ದ. ನನಗರಿವಿಲ್ಲದೆ ‘ಅದೃಷ್ಟ ಮಾಡಿದ್ದೀಯ, ಮುಂಡೇದೆ!’ ಎಂದು ಅಚ್ಚಕನ್ನಡದಲ್ಲಿ ಅಂದುಬಿಟ್ಟೆ. ಹಾಗೆಂದರೇನು ಎಂದು ಕೇಳಿದ. ಮುಂಡೆ, ವಿಧವೆ, ಅಜ್ಜಿ, ತುಪ್ಪ ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತವು.

‘ಜ್ಯಾಮಿ ಗಿಟ್’ ಎಂದೆ.