ಫೈರ್ ಪಿಟ್ಟನ್ನು ಬೆಳಗ್ಗೆ ನೋಡಿ ಕೊಳ್ಳಿ

ಹಾರೋಹಳ್ಳಿ ದಾಟಿ ಸ್ವಲ್ಪ ದೂರ ಬಂದಿದ್ದೆವು. ಹಿಂದಿನ ಸೀಟಿನಲ್ಲಿದ್ದ ಮಗಳು "ಅಪ್ಪಾ, ಏನೋ ಸುಟ್ಟ ವಾಸನೆ" ಅಂದಳು. ರಾತ್ರಿಯೆಲ್ಲ ಬೆಂಕಿ ಮುಂದೆ ಕೂತವರು ನಾವು, ಬಟ್ಟೆ, ಕೂದಲು ಎಲ್ಲ ಹೊಗೆ ವಾಸನೆಯೇ, ನಾನು ಗಮನ ಕೊಡಲಿಲ್ಲ. ಎರಡು ನಿಮಿಷ ಬಿಟ್ಟು ನನ್ನಾಕೆ "ರೀ, ಗಾಡಿ ನಿಲ್ಸಿ" ಅಂದಳು. ಆ ದನಿಗೆ ಎದುರು ಮಾತಿಲ್ಲ. ಡಿಕ್ಕಿ ತೆಗೆದು ನೋಡಿದರೆ ಫೈರ್ ಪಿಟ್ (ಕ್ಯಾಂಪಿಗೆ ಹೊತ್ತೊಯ್ಯುವ ಲೋಹದ ಅಗ್ಗಿಷ್ಟಿಕೆ) ಸುತ್ತಿದ್ದ ಗೋಣಿಚೀಲದಲ್ಲಿ ಐದು ರೂಪಾಯಿ ನಾಣ್ಯದಷ್ಟು ತೂತು. ಅದರ ಅಂಚು ಕೆಂಪಗೆ, ನಿಧಾನಕ್ಕೆ, ಯಾವ ಅವಸರವೂ ಇಲ್ಲದೆ ದೊಡ್ಡದಾಗುತ್ತಿತ್ತು. ಪಕ್ಕದಲ್ಲೇ ಟೆಂಟ್ ಬ್ಯಾಗು. ಅದರ ಪಕ್ಕ ಸ್ಟವ್ವಿನ ಗ್ಯಾಸ್ ಕ್ಯಾನು.

ಬೆಳಗ್ಗೆ ಆರೂವರೆಗೆ ಆ ಬೂದಿ ಮೇಲೆ ಕೈಯಾಡಿಸಿ ನೋಡಿದ್ದೆ, ತಣ್ಣಗಿತ್ತು. ಹಿಂದೆ ಹಳ್ಳಿ ಮನೆಗಳಲ್ಲಿ ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಎಳೆದು, ಬೆಳಗ್ಗೆ ಊದುಗೊಳವೆಯಲ್ಲಿ ಊದಿ ಮತ್ತೆ ಹೊತ್ತಿಸುತ್ತಿದ್ದರಲ್ಲ, ಅದೇ ಲೆಕ್ಕ. ಬೂದಿ ಮುಚ್ಚಿದ ಕೆಂಡ ಅಂತ ಮಾತಿಗೊಮ್ಮೆ ಅಂತೀವಿ. ಡಿಕ್ಕಿಗೆ ಹಾಕುವಾಗ ಮಾತ್ರ ನೆನಪಾಗಲ್ಲ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಕಾರಲ್ಲಿ ಕ್ಯಾಂಪಿಂಗ್ ಹೋಗುವ ಗೆಳೆಯರು "ಯಾವ ಫೈರ್ ಪಿಟ್ ತಗೊಳ್ಳೋದು ಗುರು?" ಅಂತ ಕೇಳ್ತಾನೇ ಇರ್ತಾರೆ. ಮಾರುವವರು ತೋರಿಸುವ ಫೋಟೋ ಎಲ್ಲ ರಾತ್ರಿಯದ್ದು. ಕತ್ತಲು, ಕಿಡಿ, ಗಿಟಾರು. ಬೆಳಗ್ಗೆ ಅದರಲ್ಲಿ ಎಷ್ಟು ಬೂದಿ ಉಳಿಯಿತು, ಅದನ್ನ ಹೇಗೆ ಹೊರಗೆ ತೆಗೆದರು, ಮಸಿ ಹಿಡಿದ ಆ ಸಾಮಾನನ್ನ ಯಾರ ಬೆಡ್‌ಶೀಟಿನ ಪಕ್ಕ ಇಟ್ಟರು ಅಂತ ಯಾವ ಫೋಟೋದಲ್ಲೂ ಇರಲ್ಲ. ನಾನಂತೂ ಈಗ ಬೆಳಗಿನ ಪರೀಕ್ಷೆಯಲ್ಲಿ ಪಾಸಾದದ್ದನ್ನ ಮಾತ್ರ ಗಾಡಿಗೆ ಹತ್ತಿಸೋದು.

ನನ್ನ ಮೊದಲನೆಯದು ಆನ್‌ಲೈನಲ್ಲಿ ತರಿಸಿದ್ದು. ನಾಲ್ಕು ಕಾಲಿನ ನಡುವೆ ಸ್ಟೀಲಿನ ಬಲೆ, ಮಡಚಿದರೆ ಛತ್ರಿಯಷ್ಟು. ತೂಕವೇ ಇಲ್ಲ, ಗಾಳಿ ಚೆನ್ನಾಗಿ ಆಡುತ್ತೆ, ಸೌದೆ ಧಗಧಗ ಅಂತ ಉರಿಯುತ್ತೆ. ಆದರೆ ಬಲೆಯ ಕಣ್ಣಿನಿಂದ ಕಿಡಿ ಕೆಳಗೆ ಉದುರುತ್ತೆ. ಫೆಬ್ರವರಿಯ ಒಣ ಹುಲ್ಲಿನ ಮೇಲೆ ಅದು ಆಟದ ಸಾಮಾನಲ್ಲ. ಅದರ ಮೇಲೆ ಪಾತ್ರೆಯೂ ಕೂರಲ್ಲ.

ಎರಡನೆಯದು ಗೆಳೆಯನದ್ದು, ಹೊಗೆ ಬರದ ಎರಡು ಗೋಡೆಯ ಡಬ್ಬ. ಹೊಗೆ ಅಂದರೆ ಉರಿಯದೆ ಉಳಿದ ಸೌದೆಯೇ. ಎರಡು ಗೋಡೆಗಳ ನಡುವೆ ಕಾದ ಗಾಳಿ ಮೇಲಿನ ತೂತುಗಳಿಂದ ಹೊರಬಂದು ಆ ಹೊಗೆಯನ್ನೂ ಸುಡುತ್ತೆ. ಚಂದದ ಉಪಾಯ. ಸೌದೆ ಚೆನ್ನಾಗಿ ಒಣಗಿದ್ದರೆ ಬೂದಿಯೂ ಒಂದು ಹಿಡಿಯಷ್ಟೇ. ಆದರೆ ತೋಟದವರು ಕೊಡುವ ಸೌದೆ ಅರ್ಧ ಹಸಿ, ಹಸಿಗೆ ಈ ಡಬ್ಬವೂ ಹೊಗೆಯಾಡುತ್ತೆ. ಕಾವೆಲ್ಲ ನೆಟ್ಟಗೆ ಮೇಲೆ ಹೋಗುವುದರಿಂದ ಸುತ್ತ ಕೂತವರ ಮುಖ ಬೆಚ್ಚಗಾದರೂ ಕಾಲು ತಣ್ಣಗೇ. ಡಿಸೆಂಬರಿನಲ್ಲಿ ಸಕಲೇಶಪುರದ ಎಸ್ಟೇಟಿನಲ್ಲಿ ಅದು ಚೆನ್ನಾಗಿ ಗೊತ್ತಾಯಿತು.

ಮೂರನೆಯದೇ ನನ್ನ ಪ್ರೀತಿಯದ್ದು: ಗುಜರಿಯಿಂದ ತಂದ ಫ್ರಂಟ್ ಲೋಡ್ ವಾಷಿಂಗ್ ಮಷೀನಿನ ಡ್ರಮ್ಮು. ಆರುನೂರು ರೂಪಾಯಿ ಕೊಟ್ಟೆ. ಸ್ಟೇನ್‌ಲೆಸ್ ಸ್ಟೀಲು, ಸುತ್ತ ತೂತು ಮೊದಲೇ ಇದೆ, ನಾವು ಕೊರೆಯಬೇಕಾದ್ದಿಲ್ಲ. ಮಾಡುವವರು ಎರಡು ವಿಷಯ ಮರೆಯಬೇಡಿ. ಒಳಗಿರುವ ಪ್ಲಾಸ್ಟಿಕ್ ರೆಕ್ಕೆಗಳನ್ನ ಬಿಚ್ಚಿ. ಹಿಂಬದಿಗೆ ಕಚ್ಚಿಕೊಂಡಿರುವ ಮೂರು ಕಾಲಿನ ಭಾಗ ಸಾಮಾನ್ಯವಾಗಿ ಅಲ್ಯೂಮಿನಿಯಂ, ಅದನ್ನೂ ತೆಗೆಸಿ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತೆ, ಒಳ್ಳೆ ಕೆಂಡಕ್ಕೆ ಆ ಕಾವು ದೊಡ್ಡದೇನಲ್ಲ.

ಕಾಲು ಹಾಕಿಸಲು ಪೀಣ್ಯಕ್ಕೆ ಹೋದೆ. ವೆಲ್ಡಿಂಗ್ ಮಾಡುವವರು "ನಾಲ್ಕಿಂಚು ಸಾಕಲ್ವಾ ಸಾರ್?" ಅಂದರು. ಒಂಬತ್ತು ಇಂಚು ಇಡಿ ಅಂದೆ. ನಾಲ್ಕಿಂಚಿಟ್ಟರೆ ಅಡಿಯ ಹುಲ್ಲು ಬೆಂದು ಹೋಗುತ್ತೆ, ತೋಟದವರು ಮತ್ತೆ ಕರೆಯಲ್ಲ. ಕಾಲಿನ ನಡುವೆ ಬೂದಿ ಬೀಳೋಕೆ ಒಂದು ತಟ್ಟೆ ಬೇಕು ಅಂದಾಗ ಅವರು ಜಿ.ಐ. ಶೀಟು ಎತ್ತಿಕೊಂಡರು, ಅಗ್ಗ ಅಂತ. ಬೇಡ ಅಂದೆ. ಅದರ ಮೇಲಿರುವುದು ಸತುವಿನ ಲೇಪ. ತೀರಾ ಕಾದರೆ ಅದರ ಹೊಗೆ ಕುಡಿದವರಿಗೆ ಚಳಿಜ್ವರ ಬರುತ್ತೆ. ಆಮೇಲೆ ಅವರೇ "ನಮ್ ವೆಲ್ಡರ್‌ಗಳಿಗೆ ಗೊತ್ತು ಸಾರ್ ಅದು, ಜಿ.ಐ. ವೆಲ್ಡ್ ಮಾಡಿದ ದಿನ ಮೈಕೈ ನೋವು" ಅಂತ ನಕ್ಕರು. ಗೊತ್ತಿದ್ದೂ ಎತ್ತಿಕೊಂಡಿದ್ದರು ನೋಡಿ!

ಇನ್ನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸ್ಟೀಲ್ ಕೊಳ್ಳುವಾಗ ಅಯಸ್ಕಾಂತ ಇಟ್ಟು "ನೋಡಿ ಸಾರ್, ಹಿಡಿಯಲ್ಲ, 304" ಅಂತಾರೆ. 304 ಅಂದರೆ ಸ್ಟೇನ್‌ಲೆಸ್ ಸ್ಟೀಲಿನ ಒಂದು ದರ್ಜೆ. ಅದಕ್ಕಿಂತ ಕೆಳಗಿನ ದರ್ಜೆ 202, ಅದನ್ನೂ ಅಯಸ್ಕಾಂತ ಹಿಡಿಯಲ್ಲ ಸ್ವಾಮಿ. ಆದರೆ ಅದು ಬೇಗ ತುಕ್ಕು ಹಿಡಿಯುತ್ತೆ.

ಡ್ರಮ್ಮಿನ ದೋಷ ಒಂದೇ, ಮಡಚೋಕಾಗಲ್ಲ. ಅರ್ಧ ಡಿಕ್ಕಿ ಅದಕ್ಕೇ. ಹಾಗಾಗಿ ಹೋಗುವಾಗ ಇದ್ದಿಲು, ತಟ್ಟೆ, ಈರುಳ್ಳಿ ಎಲ್ಲ ಅದರೊಳಗೇ ತುಂಬುತ್ತೇವೆ.

ಆದರೆ ಅಡುಗೆಗೆ ಡ್ರಮ್ಮು ಬೇಡ. ಇಲ್ಲೇ ಹೆಚ್ಚಿನವರು ಎಡವೋದು. ಫೈರ್ ಪಿಟ್ಟಿಗೆ ಬೇಕಾದ್ದು ಉರಿ, ಬಾರ್ಬೆಕ್ಯೂಗೆ ಬೇಕಾದ್ದು ಕೆಂಡ. ಎರಡೂ ಒಂದರಲ್ಲೇ ಆಗುತ್ತೆ ಅಂತ ಮಾರುವ ಸಾಮಾನಿನಲ್ಲಿ ಚಿಕನ್ ಹೊರಗೆ ಕರಕಲು, ಒಳಗೆ ಹಸಿ. ನನ್ನ ಹತ್ತಿರ ಅದೇ ಪೀಣ್ಯದವರು ಮಾಡಿಕೊಟ್ಟ ಹನ್ನೆರಡು ಇಂಚು ಅಗಲ, ಹದಿನಾರು ಇಂಚು ಉದ್ದದ ಮಡಚುವ ಪೆಟ್ಟಿಗೆ ಇದೆ, ನಾಲ್ಕು ಜನಕ್ಕೆ ಧಾರಾಳ. ಜಾಲರಿ ಕೂರಿಸೋಕೆ ಮೂರು ಎತ್ತರದಲ್ಲಿ ಸೀಳು ಕೊರೆಸಿದ್ದೇನೆ. ನೀವು ರೆಡಿಮೇಡ್ ಕೊಂಡರೂ ಇದೊಂದನ್ನ ನೋಡಿ ಕೊಳ್ಳಿ. ಜಾಲರಿಯಿಂದ ನಾಲ್ಕು ಬೆರಳು ಮೇಲೆ ಅಂಗೈ ಹಿಡಿದು ಎಣಿಸಿ: ನಾಲ್ಕೈದಕ್ಕೆ ಕೈ ಎಳೆದುಕೊಂಡರೆ ಚಿಕನ್ನಿಗೆ ಹದ, ಎರಡಕ್ಕೇ ಎಳೆದುಕೊಂಡರೆ ಜಾಲರಿ ಮೇಲಿನ ಸೀಳಿಗೆ. ಗೊಜ್ಜಿಗೆ ಬದನೆಕಾಯಿ ಸುಡೋಕೆ ಕೆಳಗಿನ ಸೀಳು. ಗೆಣಸಿಗೆ ಯಾವ ಸೀಳೂ ಬೇಡ, ಬೂದಿಯಲ್ಲಿ ಹೂತು ಮರೆತುಬಿಡಿ. ಇದ್ದಿಲು ತೆಂಗಿನ ಚಿಪ್ಪಿನದ್ದಾದರೆ ಹೊಗೆ ಕಡಿಮೆ, ಕಾವು ಜಾಸ್ತಿ. ಹೊತ್ತಿಸೋಕೆ ಸೀಮೆಎಣ್ಣೆ, ಪೆಟ್ರೋಲು ಮುಟ್ಟಬೇಡಿ, ಎರಡು ಬಿಲ್ಲೆ ಕರ್ಪೂರ ಸಾಕು. ಸೌದೆ ಆರಿಸುವ ಅವಕಾಶ ಇದ್ದರೆ ಸರ್ವೆ ಅಥವಾ ಜಾಲಿ. ನೀಲಗಿರಿ ಕೈಗೆ ಸುಲಭವಾಗಿ ಸಿಗುತ್ತೆ, ಬರೀ ಕೂತು ಕಾಯಿಸಿಕೊಳ್ಳೋಕೆ ಅಡ್ಡಿಯಿಲ್ಲ, ಅದರ ಹೊಗೆಯಲ್ಲಿ ಬೆಂದದ್ದನ್ನ ನಾನು ತಿನ್ನಲ್ಲ.

ಎಲ್ಲಿ ಹಚ್ಚೋದು? ಒಪ್ಪಿದವರ ತೋಟದಲ್ಲಿ, ಎಸ್ಟೇಟಿನಲ್ಲಿ, ಕ್ಯಾಂಪ್‌ಸೈಟಿನಲ್ಲಿ. ಕಾಡಲ್ಲಿ ಬೇಡವೇ ಬೇಡ, ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚೋದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದನ್ನ ಟಿವಿಯಲ್ಲಿ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. "ಬಂಡೆ ಮೇಲೆ ಹಚ್ಚಿದ್ರೆ ಏನಾಗುತ್ತೆ?" ಅಂತ ಒಬ್ಬ ಕೇಳಿದ. ಬಂಡೆ ಒಡೆಯುತ್ತೆ. ಬೆಂಗಳೂರಿನ ಸುತ್ತಮುತ್ತ ಕಲ್ಲು ಕೆಲಸದವರು ಹಿಂದೆ ಚಪ್ಪಡಿ ಎಬ್ಬಿಸುತ್ತಿದ್ದದ್ದೇ ಬಂಡೆ ಮೇಲೆ ಸೌದೆ ಉರಿಸಿ. ನಿಮ್ಮ ಕ್ಯಾಂಪ್ ಫೈರಿಗೆ ಚಪ್ಪಡಿ ಏಳದಿದ್ದರೂ ಚಕ್ಕೆ ಸಿಡಿಯುತ್ತೆ, ಕರೀ ಕಲೆ ವರ್ಷಗಟ್ಟಲೆ ಉಳಿಯುತ್ತೆ.

ಮಳೆ ಬಂತು, ಚಳಿ ಆಯ್ತು ಅಂತ ಕೆಂಡದ ಪೆಟ್ಟಿಗೆಯನ್ನ ಟೆಂಟಿನೊಳಗೆ, ಕಾರಿನೊಳಗೆ ಎಳೆದುಕೊಳ್ಳುವವರೂ ಇದ್ದಾರೆ. ದಯವಿಟ್ಟು ಬೇಡ. ಹೊಗೆ ಇಲ್ಲದ ಕೆಂಡದಿಂದಲೂ ಕಾರ್ಬನ್ ಮೊನಾಕ್ಸೈಡ್ ಬರುತ್ತೆ, ಅದಕ್ಕೆ ವಾಸನೆ ಇಲ್ಲ, ಮಲಗಿದವರು ಏಳಲ್ಲ.

ಹಾರೋಹಳ್ಳಿಯ ಆ ದಿನದ ಮೇಲೆ ನಮ್ಮ ಸಾಮಾನಿನ ಜೊತೆ ಮುಚ್ಚಳ ಇರುವ ಒಂದು ಹಳೇ ತಗಡಿನ ಡಬ್ಬ, ಉದ್ದ ಹಿಡಿಯ ಸಟ್ಟುಗ, ಯಾರೂ ಟೀಗೆ ಮುಟ್ಟದ ಐದು ಲೀಟರ್ ನೀರು ಸೇರಿಕೊಂಡಿವೆ. ಬೆಳಗ್ಗೆ ಬೂದಿಯನ್ನೆಲ್ಲ ಡಬ್ಬಕ್ಕೆ ಬಳಿದು, ನೀರು ಹೊಯ್ದು, ಕಲಕಿ, ಮತ್ತೆ ಹೊಯ್ಯೋದು. ಕಾದ ಡ್ರಮ್ಮಿಗೇ ನೀರು ಹಾಕಿದರೆ ಅದು ಸೊಟ್ಟಗಾಗುತ್ತೆ, ಹಾಗಾಗಿ ಬೂದಿ ಹೊರಗೆ ಬಂದ ಮೇಲೆಯೇ ನೀರು. ಕೊನೆಗೆ ನನ್ನಾಕೆ ಡಬ್ಬದ ಹೊರಮೈಗೆ, ಆಮೇಲೆ ಡ್ರಮ್ಮಿನ ತಳಕ್ಕೆ ಹಿಂಗೈ ಮುಟ್ಟಿಸಿ ನೋಡ್ತಾಳೆ. ಅವಳು "ಹೂಂ" ಅನ್ನುವ ತನಕ ಡಿಕ್ಕಿ ಬಾಗಿಲು ತೆಗೆಯುವ ಹಾಗಿಲ್ಲ. ಹೋದ ಸಲ ಒಂಬತ್ತೂಮುಕ್ಕಾಲಾಯಿತು. ನಾನೂ ಮಗಳೂ ಬಾನೆಟ್ಟಿಗೆ ಒರಗಿ ಉಳಿದಿದ್ದ ಸುಟ್ಟ ಗೆಣಸು ತಿನ್ನುತ್ತಾ ನಿಂತಿದ್ದೆವು.