ಗೀಜರಿನ ಬಾಯಿಗೆ ಕಡ್ಡಿ

ಟಪ್. ಮೂರು ಎಣಿಸುವಷ್ಟರಲ್ಲಿ ಮತ್ತೆ ಟಪ್. ಬಚ್ಚಲ ಬಾಗಿಲು ಹಾಕಿದರೂ ಕೇಳುತ್ತದೆ, ಕಿವಿ ಮೇಲೆ ದಿಂಬಿಟ್ಟುಕೊಂಡರೂ ಕೇಳುತ್ತದೆ. ಗೀಜರಿನ ಕೆಳಗಿಟ್ಟ ಬಕೆಟ್ ಅರ್ಧ ತುಂಬಿದ ಮೇಲೆ ಸದ್ದು 'ಟುಳುಂ' ಅಂತ ಬದಲಾಗುತ್ತದೆ, ಅಷ್ಟೇ ಸಮಾಧಾನ.

ರಾಯಚೂರಿನಲ್ಲಿ ಗೀಜರ್ ಇಟ್ಟುಕೊಳ್ಳುವುದೇ ಒಂದು ತಮಾಷೆ. ಏಪ್ರಿಲ್‌ನಲ್ಲಿ ಇಲ್ಲಿ ಬಿಸಿನೀರು ತಾರಸಿಯಿಂದ ಪುಕ್ಕಟೆ ಬರುತ್ತದೆ. ತಣ್ಣೀರು ಬೇಕಾದವರೇ ನಸುಕಿನಲ್ಲಿ ಎದ್ದು ಹಿಡಿದಿಡಬೇಕು. ಹೀಗಾಗಿ ಗೀಜರ್ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಎದ್ದು, ಸಂಕ್ರಾಂತಿ ದಾಟಿ ಒಂದಿಷ್ಟು ದಿನಕ್ಕೆ ಮತ್ತೆ ಮಲಗಿಬಿಡುತ್ತದೆ. ಆ ನಿದ್ದೆಯೇ ಅದರ ರೋಗ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ ಹರಿಯುವ ಜಿಲ್ಲೆಯಾದರೂ ಎಷ್ಟೋ ಬಚ್ಚಲಿಗೆ ಬರುವುದು ಬೋರಿನ ಗಡಸು ನೀರು. ಕಾಯಿಸಿದಾಗ ಅದರೊಳಗಿನ ಸುಣ್ಣದಂಶ ಬಿಳಿ ಪದರಾಗಿ ಕೂರುತ್ತದೆ. ಗೀಜರಿಗೆ ತಣ್ಣೀರು ಒಳಹೋಗುವಲ್ಲಿ ಸೇಫ್ಟಿ ವಾಲ್ವ್ ಇರುತ್ತದೆ: ಒಳಹೋದ ನೀರನ್ನು ಹಿಂದಕ್ಕೆ ಬಿಡುವುದಿಲ್ಲ, ಒತ್ತಡ ಮೀರಿದರೆ ಪಕ್ಕದ ಮೂತಿಯಿಂದ ಹೊರಗೆ ಹನಿಸುತ್ತದೆ. ತಿಂಗಳುಗಟ್ಟಲೆ ಅಲುಗಾಡದ ಅದರ ರಬ್ಬರ್ ವಾಷರ್ ಅಡಿ ಸುಣ್ಣದ ಒಂದು ಕಾಳು ಸಿಕ್ಕಿಕೊಂಡರೆ ಸಾಕು, ಟಪ್ ಟಪ್ ಶುರು.

ಎಲ್ಲ ಸೋರಿಕೆಯೂ ಕೆಟ್ಟದ್ದಲ್ಲ ಅನ್ನುವುದು ಮಾತ್ರ ಯಾರ ತಲೆಗೂ ಹೋಗುವುದಿಲ್ಲ. 15 ಲೀಟರ್ ನೀರು 25 ಡಿಗ್ರಿಯಿಂದ 65 ಡಿಗ್ರಿಗೆ ಕಾದರೆ ಸುಮಾರು 250 ಮಿಲಿಲೀಟರ್ ಹಿಗ್ಗುತ್ತದೆ, ಒಂದು ದೊಡ್ಡ ಲೋಟದಷ್ಟು. ವಾಲ್ವ್ ಅದನ್ನು ಹಿಂದಕ್ಕೆ ಬಿಡುವುದಿಲ್ಲ, ನಳ ಬಂದ್ ಇದೆ. ಹೊರಗೆ ಹನಿಸದೆ ಇನ್ನೇನು ಮಾಡೀತು? ಗೀಜರ್ ಆಫ್ ಇದ್ದು, ನೀರು ತಣ್ಣಗಾದ ಮೇಲೂ ಹನಿಸುತ್ತಿದ್ದರೆ ಮಾತ್ರ ವಾಲ್ವ್ ಕೆಟ್ಟಿದೆ.

ಪ್ಲಂಬರ್ ಅಣ್ಣನ ತೀರ್ಪು ಮಾತ್ರ ಯಾವಾಗಲೂ ಒಂದೇ: "ಫೋರ್ಸ್ ಜಾಸ್ತಿ ಐತ್ರಿ ಸರ್." ಮನೆಗಳಲ್ಲಿ ಹಾಕುವ ವಾಲ್ವ್ ಸಾಮಾನ್ಯವಾಗಿ 8 ಬಾರ್ ಒತ್ತಡಕ್ಕೆ ತೆರೆಯುವಂಥದು. ಹತ್ತು ಮೀಟರ್ ಎತ್ತರದ ಟ್ಯಾಂಕ್ ಕೊಡುವುದು ಒಂದೇ ಬಾರ್. ಅವನ ಮಾತು ನಿಜವಾಗಬೇಕಾದರೆ ಕೋಟೆ ಗುಡ್ಡದ ತಲೆ ಮೇಲೆ ಟ್ಯಾಂಕ್ ಇಟ್ಟು ಬುಡದಲ್ಲಿ ಸ್ನಾನ ಮಾಡಬೇಕು. ಪ್ರೆಶರ್ ಪಂಪ್ ಹಾಕಿಸಿದವರ ಮನೆಯಲ್ಲಾದರೆ ಅನುಮಾನ ಪಡಬಹುದು, ಬರೀ ಟ್ಯಾಂಕಿನ ಮನೆಯಲ್ಲಲ್ಲ. ವಾಲ್ವ್ ಕೆಡುವ ಇನ್ನೊಂದು ಬಗೆ ಎಂದರೆ ನೀರನ್ನು ಹಿಂದಕ್ಕೆ ಬಿಡುವುದು; ಅದನ್ನು ನೋಡಲು ತಣ್ಣೀರಿನ ನಳ ತಿರುಗಿಸಬೇಕು. ಬಿಸಿ ಬಂದರೆ ಕೆಟ್ಟಿದೆ ಅಂತ ಅರ್ಥ. ಈ ಪರೀಕ್ಷೆ ಕಂಡುಹಿಡಿದವರು ರಾಯಚೂರಿನ ಬೇಸಿಗೆ ಕಂಡವರಲ್ಲ. ಮೇ ತಿಂಗಳಲ್ಲಿ ಊರಿನ ಅಷ್ಟೂ ವಾಲ್ವ್ ಕೆಟ್ಟಿರಬೇಕು!

ಇನ್ನು ನಮ್ಮವರ ಮದ್ದು. ವಾಲ್ವಿನ ಪಕ್ಕಕ್ಕೆ ಚಾಚಿದ ಸಣ್ಣ ಮೂತಿ ಕಂಡರೆ ಯಾರ ಕೈಯೂ ಸುಮ್ಮನಿರುವುದಿಲ್ಲ. ಮೊದಲು ಬೆಂಕಿಕಡ್ಡಿ. ಅದು ನೆನೆದು ಉದುರಿದರೆ ಅರಿವೆ ಚೂರು. ಆಮೇಲೆ ಸೈಕಲ್ ಟ್ಯೂಬಿನ ತುಂಡು, ಅದರ ಮೇಲೆ ತಂತಿ. ಕೊನೆಗೆ ಮನೆಯ ಹಿರಿಯರು ಎಂ-ಸೀಲ್ ನಾದಿ, ಹೋಳಿಗೆ ಕಣಕದ ಹಾಗೆ ಮೆತ್ತಿ, ಹೆಬ್ಬೆರಳ ಗುರುತು ಒತ್ತಿ "ಇನ್ನ ಹತ್ ವರ್ಷ ಚಿಂತಿಲ್ಲ" ಅನ್ನುತ್ತಾರೆ. ಹಳೆಯ ವಾಲ್ವ್ ಬಿಚ್ಚಿ ನೋಡಿದರೆ ಈ ಪದರುಗಳೆಲ್ಲ ಮಸ್ಕಿಯ ಉತ್ಖನನದಂತೆ ಒಂದರ ಕೆಳಗೊಂದು ಸಿಗುತ್ತವೆ. ಮೂತಿ ಮುಚ್ಚಿದ ಗೀಜರಿನಲ್ಲಿ ಬಿಸಿ ಹದ ಕಾಯುವ ಥರ್ಮೋಸ್ಟ್ಯಾಟ್ ಕೈಕೊಟ್ಟು, ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿಯುವ ಕಟೌಟ್ ಕೂಡ ಕೈಕೊಟ್ಟರೆ ಟ್ಯಾಂಕೇ ಸಿಡಿಯಬಹುದು. ಹತ್ತು ವರ್ಷದ ಚಿಂತೆ ಒಂದೇ ಬೆಳಿಗ್ಗೆ ತೀರುತ್ತದೆ.

ಬದಲಿಸುವುದು ಅರ್ಧ ಗಂಟೆಯ ಕೆಲಸ. ಮೊದಲು ಗೀಜರಿನ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ, ನೀರು ತಣ್ಣಗಾಗುವವರೆಗೆ ತಡೆಯಿರಿ. ಒಳಬರುವ ನೀರಿನ ಕಾಕ್ ಬಂದ್ ಮಾಡಿ, ಬಿಸಿನೀರಿನ ನಳ ತೆರೆದಿಡಿ. ಗಾಳಿ ಒಳಗೆ ಹೋಗದಿದ್ದರೆ ಟ್ಯಾಂಕ್ ಖಾಲಿಯಾಗುವುದಿಲ್ಲ. ವಾಲ್ವಿನ ಚಿಕ್ಕ ಲಿವರ್ ಎತ್ತಿ ಬಕೆಟ್ಟಿಗೆ ಬಿಡಿ. ಪೈಪಿನ ನಟ್ ಬಿಚ್ಚಿದ ಮೇಲೆ ಒಂದು ಪಾನಾದಿಂದ ಗೀಜರಿನ ನಿಪ್ಪಲ್ (ವಾಲ್ವ್ ಕೂರುವ, ಟ್ಯಾಂಕಿನಿಂದ ಹೊರಚಾಚಿದ ಗಿಡ್ಡ ಪೈಪು) ಹಿಡಿದು, ಇನ್ನೊಂದರಿಂದ ವಾಲ್ವ್ ತಿರುಗಿಸಬೇಕು. ಒಂದೇ ಪಾನಾ ಹಿಡಿದು ಜೋರು ಮಾಡಿದರೆ ನಿಪ್ಪಲ್ಲೂ ಜೊತೆಗೆ ತಿರುಗಿ ಟ್ಯಾಂಕಿನ ಬೆಸುಗೆ ಬಿಡುತ್ತದೆ. ಅರ್ಧ ಇಂಚಿನ ಹೊಸ ವಾಲ್ವಿಗೆ ಬಾಣದ ಗುರುತು ಇರುತ್ತದೆ, ಅದು ಗೀಜರಿನ ಕಡೆ ನೋಡಬೇಕು. ನಿಪ್ಪಲ್ಲಿನ ಹಳೆಯ ಟೇಪ್ ಕೆರೆದು ತೆಗೆದು, ಹೊಸ ಟೆಫ್ಲಾನ್ ಟೇಪನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಎಂಟು ಹತ್ತು ಸುತ್ತು ಸುತ್ತಿ. ಉಲ್ಟಾ ಸುತ್ತಿದರೆ ವಾಲ್ವ್ ಏರಿಸುವಾಗ ಎಲ್ಲ ಬಿಚ್ಚಿಕೊಂಡು ಬರುತ್ತದೆ. ಬಿಸಿನೀರಿನ ನಳದಲ್ಲಿ ಗಾಳಿ ಉಗುಳದೆ ನೀರು ಒಂದೇ ಸಮನೆ ಬಂದ ಮೇಲೆಯೇ ಕರೆಂಟ್. ಅವಸರಕ್ಕೆ ಖಾಲಿ ಟ್ಯಾಂಕಿಗೆ ಸ್ವಿಚ್ ಹಾಕಿದರೆ ಕಾಯಿಲ್ ಸುಟ್ಟು, ಆ ಖರ್ಚಿನ ಮುಂದೆ ವಾಲ್ವಿನ ರೊಕ್ಕ ಚಿಲ್ಲರೆ ಅನ್ನಿಸುತ್ತದೆ. ಆಮೇಲೆ ತಿಂಗಳಿಗೊಮ್ಮೆ, ಬೇಸಿಗೆಯಲ್ಲೂ, ಆ ಲಿವರ್ ಎತ್ತಿ ಬಿಟ್ಟರೆ ವಾಷರ್ ಅಂಟಿಕೊಳ್ಳುವುದಿಲ್ಲ. ಯಾರೂ ಎತ್ತುವುದಿಲ್ಲ.

ತಾಮ್ರದ ಹಂಡೆಗೆ ಈ ರಗಳೆ ಇರಲಿಲ್ಲ. ಬಾಯಿ ಅಗಲ, ಮೇಲೊಂದು ಮುಚ್ಚಳ. ಹತ್ತಿಕಟಿಗೆ ಉರಿ ಏರಿದರೆ ಮುಚ್ಚಳ ತಾನೇ ಕುಣಿಯುತ್ತಿತ್ತು. ಹೊಗೆಯ ವಾಸನೆ ಹತ್ತಿದ ಆ ನೀರು ಮೈಮೇಲೆ ಬಿದ್ದಾಗಿನ ಸುಖ ಗೀಜರಿನಲ್ಲಿ ಬರುವುದಿಲ್ಲ, ನಿಜ. ಆದರೆ ಈಗ ನಸುಕಿನಲ್ಲಿ ಎದ್ದು ಕಟಿಗೆ ಹಚ್ಚುವವರು ಯಾರು?

ಹೊಸ ವಾಲ್ವ್ ಕೂತಿತು. ಗೀಜರ್ ಕಾಯತೊಡಗಿದ ಹತ್ತೇ ನಿಮಿಷಕ್ಕೆ ಹಿಗ್ಗಿದ ನೀರು ತನ್ನ ದಾರಿ ಹಿಡಿಯಿತು. ಟಪ್. ಒಳಗಿನಿಂದ ದನಿ ಬಂತು: "ಹೊಸಾದೂ ಸೋರಾಕತ್ತೈತಲ್ಲ! ಬೆಂಕಿಪೆಟ್ಟಿಗಿ ಎಲ್ಲೈತಿ?"